ಕಾರವಾರದಲ್ಲಿದ್ದುಕೊಂಡೇ ಗಾಲ್ಫ್ ಕಲಿಯಲು ಸಾಧ್ಯವೇ?

ಪ್ರಶ್ನೆ: ಕೋಡಿಬಾಗದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕ, ವಯಸ್ಸು ನಲವತ್ತೇಳು. ಕಾಲೇಜಿನಲ್ಲಿದ್ದಾಗ ಕ್ರಿಕೆಟ್, ಆಮೇಲೆ ಬಹುಕಾಲ ಶಟಲ್ ಬ್ಯಾಡ್ಮಿಂಟನ್ ಆಡಿದವನು. ಈಚೆಗೆ ಎಡ ಮೊಣಕಾಲು ಜಿಗಿತವನ್ನೂ ಥಟ್ಟನೆ ತಿರುಗುವುದನ್ನೂ ತಡೆದುಕೊಳ್ಳುತ್ತಿಲ್ಲ. ಕಳೆದ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಸೋದರಳಿಯ ಗಾಲ್ಫ್ ಡ್ರೈವಿಂಗ್ ರೇಂಜ್‌ಗೆ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲಿಗೆ, ಕರೆದುಕೊಂಡು ಹೋಗಿ, ಒಂದು ಬುಟ್ಟಿ ಚೆಂಡುಗಳನ್ನು ಮುಂದಿಟ್ಟು, ಕೈಗೆ ಕ್ಲಬ್ (ಚೆಂಡು ಹೊಡೆಯುವ ಕೋಲು) ಕೊಟ್ಟ. ಹೆಚ್ಚಿನ ಚೆಂಡುಗಳು ನೆಲ ಹಿಡಿದೇ ಓಡಿದವು, ಕೆಲವು ಬಲಕ್ಕೆ ಬಾಗಿ ಎತ್ತಲೋ ಹೋದವು. ಆದರೆ ಸರಿಯಾಗಿ ತಾಗಿದ ಒಂದೆರಡು ಹೊಡೆತಗಳ ಸದ್ದು ಮತ್ತು ಕೈಗೆ ಸಿಕ್ಕ ಆ ಹಗುರ ಅನುಭವ ಊರಿಗೆ ಮರಳಿದ ಮೇಲೂ ಬಿಡುತ್ತಿಲ್ಲ. ಈ ಆಟವನ್ನು ಬುಡದಿಂದ, ಕ್ರಮವಾಗಿ ಕಲಿಯಬೇಕೆಂದು ನಿಶ್ಚಯಿಸಿದ್ದೇನೆ.

ತೊಂದರೆ ಏನೆಂದರೆ, ನಾನಿರುವ ಕಡೆ ಹೋಗಿ ಅಭ್ಯಾಸ ಮಾಡಬಹುದಾದ ರೇಂಜ್ ಇಲ್ಲ, ಕೇಳಿ ತಿಳಿಯೋಣವೆಂದರೆ ಪರಿಚಯದವರಲ್ಲಿ ಆಡುವವರೂ ಇಲ್ಲ. ನಮಗಿರುವುದು ಕಡಲತೀರ, ಮನೆಯ ಅಂಗಳ ಮತ್ತು ಸುಗ್ಗಿ ಮುಗಿದ ಮೇಲೆ ಖಾಲಿ ಬೀಳುವ ಗದ್ದೆಗಳು. ಇಷ್ಟನ್ನೇ ಇಟ್ಟುಕೊಂಡು ಕಲಿಕೆಯನ್ನು ಎಲ್ಲಿಂದ ಶುರು ಮಾಡಬೇಕು? ಯಾವ ಕ್ಲಬ್‌ಗಳನ್ನು ಕೊಳ್ಳಬೇಕು? ತರಬೇತುದಾರರಿಲ್ಲದೆ ವಿಡಿಯೋ ನೋಡಿ ಕಲಿತರೆ ಸಾಕೇ? ಕ್ರಿಕೆಟ್ಟಿನ ಅಭ್ಯಾಸ ಇಲ್ಲಿ ಉಪಕಾರಕ್ಕೆ ಬರುತ್ತದೆಯೇ, ಅಡ್ಡಿಯಾಗುತ್ತದೆಯೇ? ಹನ್ನೊಂದು ವರ್ಷದ ಮಗಳೂ ನನ್ನ ಜೊತೆಗೆ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಅಘನಾಶಿನಿ ದಡದವ (ಊರು ಕುಮಟಾ, ಈಗ ಬೆಂಗಳೂರು)

ಮೇಷ್ಟ್ರೇ, ನಮಸ್ಕಾರ. ಕಲಿಯಬಹುದು. ಅದೂ ಅಲ್ಲದೆ, ರೇಂಜ್ ಇಲ್ಲದಿರುವುದು ಮೊದಲ ಕೆಲವು ತಿಂಗಳ ಮಟ್ಟಿಗೆ ನಿಮಗೆ ಅನುಕೂಲವೇ ಎಂದು ನಾನು ಹೇಳುತ್ತೇನೆ. ರೇಂಜ್ ಹತ್ತಿರವಿರುವ ಹೊಸಬರು ಮೊದಲ ದಿನವೇ ಡ್ರೈವರ್ ಎಂಬ ಉದ್ದನೆಯ ಕ್ಲಬ್ ಹಿಡಿದು ದೂರಕ್ಕೆ ಬೀಸುತ್ತಾರೆ, ವರ್ಷ ಕಳೆದರೂ ಹತ್ತು ಹೆಜ್ಜೆ ದೂರದ ಚೆಂಡನ್ನು ಕುಳಿಗೆ ಹಾಕಲು ಬರುವುದಿಲ್ಲ. ಈ ಆಟವನ್ನು ಕುಳಿಯ ಕಡೆಯಿಂದ ಹಿಂದಕ್ಕೆ ಕಲಿಯಬೇಕು: ಮೊದಲು ಪಟಿಂಗ್ (ಪಟರ್ ಎಂಬ ಕ್ಲಬ್ಬಿನಿಂದ ಚೆಂಡನ್ನು ಕುಳಿಗೆ ಉರುಳಿಸುವುದು), ನಂತರ ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ಅಂಚಿನಿಂದ ಆಡುವ ಚಿಪ್ ಎಂಬ ಗಿಡ್ಡ ಹೊಡೆತ, ಆಮೇಲೆ ಅರ್ಧ ಸ್ವಿಂಗ್ (ಬೀಸು), ಎಲ್ಲದರ ಕೊನೆಗೆ ಪೂರ್ಣ ಸ್ವಿಂಗ್.

ಇದಕ್ಕೆ ಲೆಕ್ಕದ ಆಧಾರವೂ ಇದೆ. 18 ಕುಳಿಗಳ ಮೈದಾನದಲ್ಲಿ ಪಾರ್, ಅಂದರೆ ನುರಿತ ಆಟಗಾರನಿಗೆ ಬೇಕೆಂದು ನಿಗದಿ ಮಾಡಿದ ಹೊಡೆತಗಳ ಸಂಖ್ಯೆ, ಸಾಮಾನ್ಯವಾಗಿ 72. ಪಾರ್ ನಿಗದಿ ಮಾಡುವಾಗ ಪ್ರತಿ ಗ್ರೀನ್‌ನಲ್ಲಿ ಎರಡು ಪಟ್ ಬೇಕಾಗುತ್ತದೆಂದು ಹಿಡಿಯುತ್ತಾರೆ. ಅಂದರೆ 36 ಹೊಡೆತ, ಆಟದ ಸರಿಯರ್ಧ, ಪಟರ್ ಒಂದರದ್ದೇ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೇ ಸ್ಥಾನ ಪಡೆದರಲ್ಲ, ಅಲ್ಲಿ ದೂರಕ್ಕೆ ಹೊಡೆಯುವುದರಲ್ಲಿ ಆಕೆ ಹೆಚ್ಚಿನವರಿಗಿಂತ ಹಿಂದಿದ್ದರು. ಜಗತ್ತಿನ ಅಗ್ರ ಆಟಗಾರ್ತಿಯರ ಸಾಲಿನಲ್ಲಿ ಆಕೆಯನ್ನು ಕೊನೆಯ ದಿನದವರೆಗೆ ನಿಲ್ಲಿಸಿದ್ದು ಪಟಿಂಗ್. ನಿಮ್ಮ ಮಗಳಿಗೆ ಇದನ್ನು ಹೇಳಿ. ಅದಿತಿ ಐದಾರು ವರ್ಷದ ಮಗುವಾಗಿದ್ದಾಗ ಆಟ ಶುರು ಮಾಡಿದ್ದು ಕೂಡ ಪಟರ್ ಹಿಡಿದೇ.

ಪಟಿಂಗ್ ಅಭ್ಯಾಸಕ್ಕೆ ಮನೆಯ ಪಡಸಾಲೆ ಸಾಕು. ಟೈಲ್ಸ್ ಅಥವಾ ನುಣುಪಾದ ಕೆಂಪು ನೆಲದ ಮೇಲೆ ಚೆಂಡು ತೀರಾ ಜೋರಾಗಿ ಓಡುತ್ತದೆ, ಆದ್ದರಿಂದ ಜಮಖಾನ ಹಾಸಿ. ಕುಳಿಯ ವ್ಯಾಸ 108 ಮಿ.ಮೀ.; ಅಷ್ಟೇ ಅಗಲದ ಒಂದು ಕಾಗದದ ವೃತ್ತ ಕತ್ತರಿಸಿ ಇಟ್ಟರೆ ಗುರಿ ಸಿದ್ಧ. ಮಣಿಕಟ್ಟು ಬಾಗಬಾರದು, ಭುಜ, ತೋಳು, ಪಟರ್ ಎಲ್ಲವೂ ಒಂದಾಗಿ ಗಡಿಯಾರದ ಲೋಲಕದಂತೆ ಹಿಂದೆ-ಮುಂದೆ ತೂಗಬೇಕು. ಕಣ್ಣು ಚೆಂಡಿನ ನೇರ ಮೇಲಿರಲಿ. ಹೊಸಬರು ದಿಕ್ಕಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಒಂದು ಗ್ರೀನ್‌ನಲ್ಲಿ ಮೂರು ಪಟ್ ಆಗುವುದು ಹೆಚ್ಚಾಗಿ ವೇಗದ ಅಂದಾಜು ತಪ್ಪಿದಾಗ. ಆದ್ದರಿಂದ ಕುಳಿಗೆ ಬೀಳಿಸುವುದಕ್ಕಿಂತ, ಐದು, ಎಂಟು, ಹತ್ತು ಹೆಜ್ಜೆಗಳ ದೂರದಿಂದ ಚೆಂಡನ್ನು ಒಂದೇ ಗೆರೆಯ ಆಸುಪಾಸಿನಲ್ಲಿ ನಿಲ್ಲಿಸುವುದನ್ನು ಮೊದಲು ರೂಢಿಸಿಕೊಳ್ಳಿ.

ಇನ್ನು ಗ್ರಿಪ್. ಬಲಗೈ ಬ್ಯಾಟ್ಸ್‌ಮನ್‌ಗೆ ಎಡಗೈ ಮೇಲೆ, ಬಲಗೈ ಕೆಳಗೆ, ಗಾಲ್ಫ್‌ನಲ್ಲಿಯೂ ಹಾಗೆಯೇ. ಕ್ಲಬ್ಬನ್ನು ಎಡ ಅಂಗೈಯ ನಡುವೆ ಇಡದೆ ಬೆರಳುಗಳ ಬುಡದಲ್ಲಿ ಹಿಡಿಯಿರಿ. ಮೇಲಿನಿಂದ ನೋಡಿದಾಗ ಎಡಗೈಯ ಎರಡು ಅಥವಾ ಮೂರು ಗೆಣ್ಣುಗಳು ಕಾಣಬೇಕು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಬಲ ಭುಜದ ಕಡೆಗೆ ತೋರಬೇಕು. ಬಲಗೈಯ ಕಿರುಬೆರಳನ್ನು ಎಡಗೈಯ ತೋರು ಮತ್ತು ನಡುಬೆರಳುಗಳ ಸಂದಿನ ಮೇಲೆ ಕೂರಿಸಬಹುದು, ಅಥವಾ ತೋರುಬೆರಳಿನೊಂದಿಗೆ ಹೆಣೆಯಬಹುದು. ಮಗಳಿಗೆ ಸದ್ಯ ಹತ್ತೂ ಬೆರಳುಗಳ ಹಿಡಿತವೇ ಸಾಕು. ಮುಂಗೈಯ ಸ್ನಾಯುಗಳು ಬಿಗಿಯದಷ್ಟು ಸಡಿಲವಾಗಿ ಹಿಡಿದರೆ ಕ್ಲಬ್ಬಿನ ತಲೆಯ ಭಾರ ಕೈಗೆ ತಿಳಿಯುತ್ತದೆ, ಅದು ತಿಳಿಯಲೇಬೇಕು.

ಕ್ರಿಕೆಟ್ಟಿಗರಿಗೆ ಕಾಡುವ ದೋಷವನ್ನು ಈಗಲೇ ಹೇಳಿಬಿಡುತ್ತೇನೆ. ಚೆಂಡನ್ನು ಎತ್ತಿ ಹೊಡೆಯಬೇಕಾದಾಗ ಬ್ಯಾಟ್ಸ್‌ಮನ್ ಹಿಂದಕ್ಕೆ ವಾಲಿ ಬ್ಯಾಟಿನಿಂದ ಮೇಲಕ್ಕೆ ತಳ್ಳುತ್ತಾನೆ. ಗಾಲ್ಫ್‌ನಲ್ಲಿ ಎತ್ತುವ ಕೆಲಸ ಕ್ಲಬ್ಬಿನದು, ನಮ್ಮದಲ್ಲ. ಏಳನೇ ಐರನ್ ಎಂಬ ಲೋಹದ ತಲೆಯ ಕ್ಲಬ್ಬಿನ ಮುಖ ಸಾಮಾನ್ಯವಾಗಿ 30ರಿಂದ 34 ಡಿಗ್ರಿಗಳಷ್ಟು ಓರೆಯಾಗಿರುತ್ತದೆ, ಮರಳಿನಿಂದ ಚೆಂಡನ್ನು ಎತ್ತುವ ಸ್ಯಾಂಡ್ ವೆಡ್ಜ್‌ನದು 54ರಿಂದ 56 ಡಿಗ್ರಿ. ಕೆಳಮುಖವಾಗಿ ಬರುತ್ತಿರುವ ಕ್ಲಬ್ ಮೊದಲು ಚೆಂಡಿಗೆ, ಅದರ ಬೆನ್ನಿಗೇ ನೆಲಕ್ಕೆ ತಾಗಿದರೆ ಚೆಂಡು ತಾನಾಗಿ ಮೇಲೇಳುತ್ತದೆ. ನಾವೇ ಎತ್ತಲು ಹೋದರೆ ಒಂದೋ ಚೆಂಡಿನ ಹಿಂದಿನ ಮಣ್ಣಿಗೆ ತಾಗುತ್ತದೆ, ಇಲ್ಲವೇ ಚೆಂಡಿನ ನೆತ್ತಿಗೆ ತಾಗಿ ಅದು ನೆಲ ಹಿಡಿದು ಓಡುತ್ತದೆ. ರೇಂಜ್‌ನಲ್ಲಿ ನಿಮಗಾದದ್ದು ಇದೇ ಇರಬೇಕು.

ಇಲ್ಲಿಯೇ ನಿಮ್ಮ ಕಡಲತೀರ ಕೆಲಸಕ್ಕೆ ಬರುವುದು. ಇಳಿತದ ಹೊತ್ತಿಗೆ, ಜನಸಂಚಾರವಿಲ್ಲದ ಬೆಳಗಿನಲ್ಲಿ, ನೀರು ಹಿಂದೆ ಸರಿದ ಗಟ್ಟಿ ಒದ್ದೆ ಮರಳಿನ ಮೇಲೆ ಕೋಲಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಎರಡೂ ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ, ಏಳನೇ ಐರನ್‌ನಿಂದ ಅರ್ಧ ಸ್ವಿಂಗ್ ಮಾಡಿ. ಮರಳಿನಲ್ಲಿ ಮೂಡುವ ಗೀರು ಗೆರೆಯಿಂದ ಶುರುವಾಗಿ ಗುರಿಯ ಕಡೆಗೆ, ಅಂದರೆ ನಿಮ್ಮ ಎಡಪಾದದ ಕಡೆಗೆ, ಹೋಗಿರಬೇಕು. ಗೆರೆಗಿಂತ ಹಿಂದೆ ಮರಳು ಕಿತ್ತಿದ್ದರೆ ದೇಹದ ಭಾರ ಬಲಗಾಲಿನಲ್ಲೇ ಉಳಿದಿದೆ ಎಂದರ್ಥ. ಬರಿಗಾಲಲ್ಲಿ ಮಾಡಿದರೆ ಹೆಜ್ಜೆಗುರುತನ್ನೂ ಓದಬಹುದು: ಹೊಡೆತ ಮುಗಿದಾಗ ಎಡ ಹಿಮ್ಮಡಿಯ ಗುರುತು ಆಳವಾಗಿರಬೇಕು, ಬಲಗಾಲಿನ ಹೆಬ್ಬೆರಳು ತಿರುಗಿದ ಕಡೆ ಮರಳು ಸಣ್ಣಗೆ ಸುರುಳಿ ಸುತ್ತಿರಬೇಕು. ರೇಂಜ್‌ನ ರಬ್ಬರ್ ಚಾಪೆ ಈ ದೋಷವನ್ನು ಮುಚ್ಚಿಡುತ್ತದೆ, ಏಕೆಂದರೆ ಕ್ಲಬ್ ಚೆಂಡಿನ ಹಿಂದೆ ತಾಗಿದರೂ ಚಾಪೆಯ ಮೇಲೆ ಜಾರಿ ಚೆಂಡಿಗೆ ತಗಲುತ್ತದೆ. ಮರಳಿನಲ್ಲಿ ಯಾವುದೂ ಅಡಗುವುದಿಲ್ಲ.

ಆದರೆ ತೀರದಲ್ಲಿ ಚೆಂಡು ಹೊಡೆಯಬೇಡಿ. ಜನರಿಗೂ ದೋಣಿಗಳಿಗೂ ಅಪಾಯ. ಸಮುದ್ರಕ್ಕೆ ಹೋದ ಚೆಂಡು ಮರಳಿ ಸಿಗದೆ ಪ್ಲಾಸ್ಟಿಕ್ ಕಸವಾಗಿ ಉಳಿಯುತ್ತದೆ. ಮೇಲಾಗಿ, ನಮ್ಮ ಜಿಲ್ಲೆಯ ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ; ಬೇಲಿ ಕಟ್ಟಿ ಗೂಡು ಕಾಯುತ್ತಿರುವ ಜಾಗದ ಹತ್ತಿರ ಗೆರೆ ಎಳೆಯುವುದೂ ಬೇಡ.

ಉತ್ತರ: ಬೇಣದ ಮನೆ, ಶಿರಸಿ

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ನಾನು ಒಂದು ವಿಷಯವನ್ನು ಒತ್ತಿ ಹೇಳಬೇಕು: ಗ್ರಿಪ್, ನಿಲ್ಲುವ ಭಂಗಿ ಮತ್ತು ಚೆಂಡನ್ನು ಇಡುವ ಜಾಗ, ಈ ಮೂರನ್ನು ಒಮ್ಮೆಯಾದರೂ ತರಬೇತುದಾರರ ಎದುರು ನಿಂತು ತಿದ್ದಿಸಿಕೊಳ್ಳಿ. ವಿಡಿಯೋ ನೋಡಿ ಕಲಿಯುವವರಿಗೆ ತಾವು ಏನು ಮಾಡುತ್ತಿದ್ದೇವೆಂದು ಕಾಣುವುದಿಲ್ಲ, ಮತ್ತೊಬ್ಬರು ಏನು ಮಾಡುತ್ತಾರೆಂದಷ್ಟೇ ಕಾಣುತ್ತದೆ. ಬೆಂಗಳೂರಿಗೆ ಹೇಗೂ ಹೋಗಿ ಬರುತ್ತೀರಿ. ಹೋದಾಗಲೆಲ್ಲ ಒಂದು ಪಾಠ ಹೇಳಿಸಿಕೊಂಡು, ಅದನ್ನೇ ಊರಿನಲ್ಲಿ ಬಹುದಿನ ರೂಢಿ ಮಾಡಿದರೆ, ವಾರಕ್ಕೆರಡು ಪಾಠ ಹೇಳಿಸಿಕೊಂಡು ಅಭ್ಯಾಸ ಮಾಡದವರಿಗಿಂತ ಮುಂದಿರುತ್ತೀರಿ. ಊರಿನಲ್ಲಿ ಅಭ್ಯಾಸ ಮಾಡುವಾಗ ಫೋನನ್ನು ಸೊಂಟದ ಎತ್ತರದಲ್ಲಿ, ಒಮ್ಮೆ ಎದುರಿನಿಂದ, ಒಮ್ಮೆ ಗುರಿಯ ಗೆರೆಯ ಹಿಂದಿನಿಂದ ಇಟ್ಟು ಚಿತ್ರೀಕರಿಸಿ ಅವರಿಗೆ ಕಳಿಸಬಹುದು.

ಚಿಪ್ ಅಭ್ಯಾಸಕ್ಕೆ ನಮ್ಮ ಕಡೆ ಬೇಣಗಳಿವೆ, ಅಂದರೆ ಹುಲ್ಲು ಬೆಳೆಯುವ ಬಯಲುಗಳು. ಮಳೆ ಮುಗಿದು ಕರಡ ಕೊಯ್ದ ಮೇಲೆ ಉಳಿಯುವ ಗಿಡ್ಡ ಹುಲ್ಲಿನ ಮೇಲೆ ಚೆಂಡು ಚೆನ್ನಾಗಿ ಕೂರುತ್ತದೆ. ನಿಮ್ಮಲ್ಲಿ ಸುಗ್ಗಿ ಮುಗಿದ ಗದ್ದೆಯಾದರೆ, ಕೂಳೆ ಚೆಂಡನ್ನು ಅಡ್ಡಾದಿಡ್ಡಿ ತಿರುಗಿಸುವುದರಿಂದ ಬದುವಿನ ಹುಲ್ಲೇ ಮೇಲು. ಗದ್ದೆಯವರನ್ನು ಕೇಳಿಯೇ ಇಳಿಯಿರಿ; ಕೆಲವರು ಭತ್ತದ ನಂತರ ಶೇಂಗಾ ಅಥವಾ ತರಕಾರಿ ಹಾಕಿರುತ್ತಾರೆ. ಪಾದಗಳನ್ನು ಹತ್ತಿರ ಇಟ್ಟುಕೊಂಡು, ಭಾರವನ್ನು ಎಡಗಾಲಿನ ಮೇಲೆ ಹಾಕಿ, ಚೆಂಡನ್ನು ಸ್ವಲ್ಪ ಬಲಕ್ಕಿಟ್ಟು, ಮಣಿಕಟ್ಟು ಹೆಚ್ಚು ಮುರಿಯದೆ ಆಡಿ. ಹತ್ತು-ಹದಿನೈದು ಹೆಜ್ಜೆ ದೂರದಲ್ಲಿ ಒಂದು ಗೋಣಿಚೀಲ ಹಾಸಿಟ್ಟು, ಚೆಂಡಿನ ಮೊದಲ ಪುಟಿತ ಅದರ ಮೇಲೇ ಬೀಳುವಂತೆ ನೋಡಿಕೊಳ್ಳಿ. ಕುಳಿಯ ಗುರಿ ಬೇರೆ, ಚೆಂಡು ಇಳಿಯುವ ಜಾಗದ ಗುರಿ ಬೇರೆ. ಚಿಪ್‌ನಲ್ಲಿ ಎರಡನೆಯದೇ ಮುಖ್ಯ.

ಪೂರ್ಣ ಸ್ವಿಂಗ್‌ಗೆ ಬಲೆ ಕಟ್ಟಿಕೊಳ್ಳುವುದು ಒಳ್ಳೆಯದು. ಕಾರವಾರದಲ್ಲಿರುವ ನಿಮಗೆ ಇದು ಸುಲಭ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬಂದರಿನಲ್ಲಿ ಬಲೆಗಳ ದುರಸ್ತಿ ನಡೆಯುತ್ತದೆ; ಅವರು ತೆಗೆದುಹಾಕುವ ತುಂಡು ಬಲೆಯನ್ನು ಕೇಳಿ ಕೊಳ್ಳಬಹುದು. ಗಾಲ್ಫ್ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ ಎಂಬುದು ನಿಯಮ. ಬಲೆಯ ಕಣ್ಣು ಅದಕ್ಕಿಂತ ಚಿಕ್ಕದಿರಲಿ. ಹೆಬ್ಬೆರಳಿನಿಂದ ಚೆಂಡನ್ನು ಒತ್ತಿ ನೋಡಿ, ತೂರಿಕೊಂಡು ಆಚೆ ಹೋದರೆ ಆ ಬಲೆ ಬೇಡ. ಬಿಸಿಲಿಗೆ ಬಹುಕಾಲ ಬಿದ್ದು ಪೆಡಸಾದ ನೈಲಾನ್ ಕೂಡ ಬೇಡ. ಎರಡು ಪದರ ಮಾಡಿ ಜೋಲುಬಿಟ್ಟು ಕಟ್ಟಬೇಕು. ಬಿಗಿದು ಕಟ್ಟಿದರೆ ಚೆಂಡು ಅದೇ ವೇಗದಲ್ಲಿ ನಿಮ್ಮ ಮುಖಕ್ಕೇ ಹಿಂದಿರುಗುತ್ತದೆ. ನಮ್ಮಲ್ಲಿ ಎರಡು ಅಡಿಕೆ ಮರದ ಕಂಬಗಳ ನಡುವೆ ಕಟ್ಟಿ, ಚೆಂಡು ಹೆಚ್ಚಾಗಿ ತಾಗುವ ನಡುಭಾಗದ ಹಿಂದೆ ಹಳೆಯ ಕಂಬಳಿಯನ್ನು ಇಳಿಬಿಟ್ಟಿದ್ದೇವೆ. ಕೆಳಗಿನ ಅಂಚು ಒಂದು ಮಾರು ನೆಲದ ಮೇಲೆ ಹರಡಿರಲಿ, ಇಲ್ಲದಿದ್ದರೆ ಚೆಂಡು ಅಡಿಯಿಂದ ನುಸುಳುತ್ತದೆ. ಸಾಮಾನ್ಯ ಆಟಗಾರರು ಡ್ರೈವರ್‌ನಿಂದ ಹೊಡೆದ ಚೆಂಡೂ ಗಂಟೆಗೆ 200 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೋಗುತ್ತದೆ. ಬಲೆಯ ಹಿಂದೆ ಮತ್ತು ಎರಡೂ ಪಕ್ಕಗಳಲ್ಲಿ ಯಾರೂ ನಿಲ್ಲದಂತೆ, ದನ-ಕರು ಸುಳಿಯದಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಕೆಲಸವಾಗಬೇಕು.

ಚಿರೆಕಲ್ಲು ಹಾಸಿದ ಅಂಗಳದ ಮೇಲೆ ಮಾತ್ರ ಐರನ್ ಬೀಸಬೇಡಿ. ಕ್ಲಬ್ ಹಾಳಾಗುವುದು ಹಾಗಿರಲಿ, ಮಣಿಕಟ್ಟಿಗೆ ಪೆಟ್ಟಾಗುತ್ತದೆ. ದಪ್ಪ ತೆಂಗಿನ ನಾರಿನ ಚಾಪೆ ಹಾಕಿಕೊಳ್ಳಿ. ಮಳೆಗಾಲದಲ್ಲಿ ಬೇಣಕ್ಕೆ ಇಳಿದರೆ ಜಾರಿಕೆ, ಉಂಬಳ ಎರಡೂ ಇವೆ. ಆ ನಾಲ್ಕು ತಿಂಗಳನ್ನು ಪಟಿಂಗ್‌ಗೆ ಬಿಟ್ಟುಬಿಡಿ.

ಉತ್ತರ: ಹೊನ್ನಾವರದ ಫಿಸಿಯೋಥೆರಪಿಸ್ಟ್

ಮೊಣಕಾಲಿನ ಬಗ್ಗೆ ಎರಡು ಮಾತು. ಬಲಗೈ ಆಟಗಾರರ ಸ್ವಿಂಗ್‌ನಲ್ಲಿ ಭಾರವೆಲ್ಲ ಕೊನೆಗೆ ಬಂದು ತಿರುಚಿಕೊಳ್ಳುವುದು ಎಡ ಮೊಣಕಾಲಿನ ಮೇಲೆಯೇ. ನಿಮಗೆ ನೋವಿರುವುದೂ ಅಲ್ಲಿಯೇ ಆದ್ದರಿಂದ ಮೊದಲು ಮೂಳೆ ವೈದ್ಯರಿಗೆ ತೋರಿಸಿ, ಏನಾಗಿದೆ ಎಂದು ತಿಳಿದುಕೊಂಡೇ ಮುಂದುವರಿಯಿರಿ. ಅವರು ಒಪ್ಪಿದರೆ, ನಿಲ್ಲುವಾಗ ಎಡ ಪಾದದ ಮುಂಭಾಗವನ್ನು ಗುರಿಯ ಕಡೆಗೆ ಸ್ವಲ್ಪ ಹೊರಳಿಸಿ ಇಡಿ. ಪಾದ ನೆಟ್ಟಗಿದ್ದಾಗ ಮೊಣಕಾಲಿಗೆ ಬೀಳುವ ತಿರುಚು ಇದರಿಂದ ಕಡಿಮೆಯಾಗುತ್ತದೆ. ಹೊಡೆದ ನಂತರ ಎಡಗಾಲನ್ನು ಸೆಟೆದು ನಿಲ್ಲಿಸದೆ ಪಾದ ತಿರುಗಲು ಬಿಡಿ.

ಸೊಂಟದ ಕೀಲು ಮತ್ತು ಬೆನ್ನಿನ ಮೇಲುಭಾಗ ಸರಾಗವಾಗಿ ತಿರುಗದವರಲ್ಲಿ ಆ ತಿರುಗುವ ಕೆಲಸವನ್ನು ಕೆಳಬೆನ್ನು ಮತ್ತು ಮೊಣಕಾಲುಗಳು ಹೊರಬೇಕಾಗುತ್ತದೆ. ದಿನವೆಲ್ಲ ತರಗತಿಯಲ್ಲಿ ನಿಂತು, ಸಂಜೆ ಉತ್ತರಪತ್ರಿಕೆಗಳ ಮುಂದೆ ಬಾಗಿ ಕೂರುವವರಲ್ಲಿ ಇದು ಬಹಳ ಸಾಮಾನ್ಯ. ಕ್ಲಬ್ಬನ್ನು ಭುಜಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಸೊಂಟ ಅಲುಗದಂತೆ ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗುವುದು, ಗೋಡೆ ಹಿಡಿದು ಒಂದೊಂದೇ ಕಾಲನ್ನು ತೂಗುವುದು, ಒಂಟಿಕಾಲಿನಲ್ಲಿ ನಿಂತು ಸಮತೋಲ ಕಾಯ್ದುಕೊಳ್ಳುವುದು, ಇವನ್ನು ಆಟಕ್ಕೆ ಮುಂಚೆ ತಪ್ಪದೆ ಮಾಡಿ. ಹೊಸಬರಿಗೆ ಮೊದಲು ಬರುವ ನೋವು ಮೊಣಕೈಯದ್ದು, ಅದಕ್ಕೆ ಕಾರಣ ಬಿಗಿ ಹಿಡಿತ ಮತ್ತು ಒಂದೇ ಸಲಕ್ಕೆ ನೂರಾರು ಚೆಂಡು ಹೊಡೆಯುವ ಉತ್ಸಾಹ. ಇಪ್ಪತ್ತು-ಮೂವತ್ತು ಪೂರ್ಣ ಹೊಡೆತಗಳಾದ ಮೇಲೆ ವಿರಾಮ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು: ಕೋಡಿಬಾಗದ ಮೇಷ್ಟ್ರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ವೈದ್ಯರನ್ನು ಈ ವಾರವೇ ಕಾಣುತ್ತೇನೆ. ಮರಳಿನ ಮೇಲೆ ಗೆರೆ ಎಳೆದು ಇಂದು ಬೆಳಿಗ್ಗೆ ಕೋಲಿನಿಂದಲೇ ಪ್ರಯತ್ನಿಸಿದೆ. ಬಲಗಾಲಿನ ಗುರುತು ಎಡಗಾಲಿನದಕ್ಕಿಂತ ಆಳವಾಗಿಯೇ ಉಳಿಯುತ್ತಿದೆ, ಆದ್ದರಿಂದ ಅಘನಾಶಿನಿಯವರು ಊಹಿಸಿದ್ದು ನಿಜ. ಇನ್ನೂ ಕೆಲವು ಸಂಶಯಗಳಿವೆ. ಕ್ಲಬ್‌ಗಳ ವಿಷಯವನ್ನು ಯಾರೂ ಹೇಳಲಿಲ್ಲ. ಸೋದರಳಿಯ ಪೂರ್ಣ ಸೆಟ್ ಕೊಂಡುಬಿಡು ಎನ್ನುತ್ತಿದ್ದಾನೆ. ಮಗಳಿಗೆ ದೊಡ್ಡವರ ಹಳೆಯ ಕ್ಲಬ್ಬನ್ನು ಕತ್ತರಿಸಿ ಕೊಡಬಹುದೇ? ಮತ್ತು ನಿಜವಾದ ಮೈದಾನಕ್ಕೆ ಇಳಿಯುವುದು ಯಾವಾಗ, ಎಲ್ಲಿ? ಮೈದಾನದ ರೀತಿ-ನೀತಿ ಗೊತ್ತಿಲ್ಲದೆ ಹೋಗಿ ಬೇರೆಯವರಿಗೆ ತೊಂದರೆ ಕೊಡಲು ಮನಸ್ಸಿಲ್ಲ.

ಉತ್ತರ: ಹಸಿರು ನೋಡಿಕೊಂಡವನು, ಅಂಕೋಲಾ

ನಾನು ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಮತ್ತು ಗ್ರೀನ್‌ಗಳ ನಿರ್ವಹಣೆಯ ಕೆಲಸದಲ್ಲಿ ಹಲವು ವರ್ಷ ಇದ್ದೆ, ಆದ್ದರಿಂದ ರೀತಿ-ನೀತಿಯ ಪ್ರಶ್ನೆಗೆ ಉತ್ತರಿಸುತ್ತೇನೆ. ಹೀಗೆ ಕೇಳಿಕೊಂಡು ಬರುವ ಹೊಸಬರನ್ನು ಯಾವ ಮೈದಾನದವರೂ ಬೇಡವೆನ್ನುವುದಿಲ್ಲ.

ಎಲ್ಲಕ್ಕಿಂತ ಮೊದಲು ಸುರಕ್ಷತೆ. ಮುಂದಿನ ಗುಂಪು ನಿಮ್ಮ ಹೊಡೆತದ ದೂರವನ್ನು ದಾಟುವವರೆಗೆ ಹೊಡೆಯಬಾರದು. ಚೆಂಡು ಯಾರ ಕಡೆಗಾದರೂ ಹೋಗುತ್ತಿದೆ ಎಂದು ಅನುಮಾನ ಬಂದರೂ ಸಾಕು, ‘ಫೋರ್’ ಎಂದು ಗಟ್ಟಿಯಾಗಿ ಕೂಗಿ ಎಚ್ಚರಿಸಬೇಕು, ನಾಚಿಕೆಪಡಬಾರದು. ಹುಲ್ಲು ಕತ್ತರಿಸುವವರು ಯಂತ್ರದ ಸದ್ದಿನಲ್ಲಿ ನಿಮ್ಮ ಕೂಗನ್ನು ಕೇಳಿಸಿಕೊಳ್ಳಲಾರರು ಎಂಬುದನ್ನು ಮಾತ್ರ ನೆನಪಿಡಿ. ಅವರು ತಲೆಯೆತ್ತಿ ನಿಮ್ಮನ್ನು ನೋಡಿ ಪಕ್ಕಕ್ಕೆ ಸರಿಯುವ ತನಕ ಕಾಯಿರಿ.

ಎರಡನೆಯದು ಹುಲ್ಲಿನ ಆರೈಕೆ. ಎತ್ತರದಿಂದ ಬಂದ ಚೆಂಡು ಗ್ರೀನ್ ಮೇಲೆ ಬಿದ್ದಾಗ ಸಣ್ಣ ಗುಂಡಿಯಾಗುತ್ತದೆ. ಅದನ್ನು ಸರಿಪಡಿಸಲು ಎರಡು ಹಲ್ಲಿನ ಚಿಕ್ಕ ಫೋರ್ಕ್ ಸಿಗುತ್ತದೆ. ಹೆಚ್ಚಿನವರು ಅದನ್ನು ಚುಚ್ಚಿ ಗುಂಡಿಯ ತಳವನ್ನು ಮೇಲಕ್ಕೆ ಮೀಟುತ್ತಾರೆ. ಹಾಗೆ ಮಾಡಿದರೆ ಬೇರು ಹರಿದು ಹುಲ್ಲು ಸಾಯುತ್ತದೆ, ಆ ಜಾಗ ಕಂದು ಚುಕ್ಕೆಯಾಗಿ ವಾರಗಟ್ಟಲೆ ಉಳಿಯುತ್ತದೆ. ಫೋರ್ಕನ್ನು ಗುಂಡಿಯ ಅಂಚಿನ ಹೊರಗೆ ಚುಚ್ಚಿ, ಸುತ್ತಲಿನ ಹುಲ್ಲನ್ನು ನಾಲ್ಕೂ ಕಡೆಯಿಂದ ನಡುವಿಗೆ ತಳ್ಳಿ, ಆಮೇಲೆ ಪಟರ್‌ನ ತಳದಿಂದ ಮೆಲ್ಲಗೆ ತಟ್ಟಬೇಕು. ಆಗಲೇ ಸರಿಪಡಿಸಿದರೆ ಕೆಲವೇ ದಿನಗಳಲ್ಲಿ ಗುರುತು ಮಾಯುತ್ತದೆ. ನಮ್ಮ ಇಡೀ ಬೆಳಗಿನ ದುಡಿಮೆ ಈ ಕಂದು ಚುಕ್ಕೆಗಳ ಹಿಂದೆ ಹೋಗುತ್ತಿತ್ತು, ಆದ್ದರಿಂದ ನಿಮ್ಮ ಮಗಳಿಗೆ ಹೊಡೆಯಲು ಕಲಿಸುವಾಗಲೇ ಇದನ್ನೂ ಕಲಿಸಿ. ಫೇರ್‌ವೇಯಲ್ಲಿ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲುಹಾದಿಯಲ್ಲಿ) ಕಿತ್ತುಬಂದ ಹುಲ್ಲುಹೆಂಟೆಯನ್ನು ಮತ್ತೆ ಅದರ ಜಾಗದಲ್ಲಿಟ್ಟು ತುಳಿಯಿರಿ, ಅಥವಾ ಮೈದಾನದವರು ಕೊಡುವ ಮರಳು ತುಂಬಿ. ಬಂಕರ್ ಎಂಬ ಮರಳುಗುಂಡಿಗೆ ತಗ್ಗಾದ ಕಡೆಯಿಂದ ಇಳಿದು, ಹೊರಬರುವಾಗ ನಿಮ್ಮ ಹೆಜ್ಜೆಗಳನ್ನು ರೇಕ್‌ನಿಂದ ಅಳಿಸಿ. ಬಂಕರ್‌ನಲ್ಲಿ ಹೊಡೆಯುವ ಮುನ್ನ ಕ್ಲಬ್ಬನ್ನು ಚೆಂಡಿನ ಹಿಂದಿನ ಮರಳಿಗೆ ತಾಗಿಸಿದರೆ ದಂಡದ ಹೊಡೆತ ಸೇರುತ್ತದೆ.

ಮೂರನೆಯದು ವೇಗ. 2019ರಲ್ಲಿ ನಿಯಮಗಳನ್ನು ಪರಿಷ್ಕರಿಸಿದಾಗ ಕಳೆದ ಚೆಂಡನ್ನು ಹುಡುಕುವ ಅವಧಿಯನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಿದರು. ಆಗಲೇ ಪಟ್ ಮಾಡುವಾಗ ಬಾವುಟದ ಕೋಲನ್ನು ಕುಳಿಯಲ್ಲೇ ಬಿಡಲು ಒಪ್ಪಿದರು, ಚೆಂಡನ್ನು ಡ್ರಾಪ್ ಮಾಡುವುದು (ನಿಯಮದಂತೆ ಕೈಯಿಂದ ನೆಲಕ್ಕೆ ಬಿಡುವುದು) ಭುಜದ ಎತ್ತರದ ಬದಲು ಮೊಣಕಾಲಿನ ಎತ್ತರದಿಂದ ಎಂದಾಯಿತು. ಹೊಸಬರು ಒಂದು ಕುಳಿಯಲ್ಲಿ ಪಾರ್‌ನ ಎರಡರಷ್ಟು ಹೊಡೆದರೂ ಮುಗಿಯದಿದ್ದರೆ ಚೆಂಡನ್ನು ಎತ್ತಿಕೊಂಡು ಮುಂದಿನದಕ್ಕೆ ಹೋಗುವುದು ಸೌಜನ್ಯ. ಕ್ಯಾಡಿ (ಕ್ಲಬ್ ಚೀಲ ಹೊತ್ತು ಜೊತೆಗೆ ಬರುವವರು) ಇದ್ದರೆ ಅವರ ಮಾತು ಕೇಳಿ. ಆ ಮೈದಾನದ ಇಳಿಜಾರು ಅವರಿಗೆ ಗೊತ್ತಿದ್ದಷ್ಟು ಸದಸ್ಯರಿಗೂ ಗೊತ್ತಿರುವುದಿಲ್ಲ. ಬಿಡದಿಯ ಈಗಲ್‌ಟನ್ ಮೈದಾನದ ನೆರೆಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಏಷ್ಯಾದ ವೃತ್ತಿಪರ ಟೂರ್‌ಗಳಲ್ಲಿ ಆಡುವ ಮಟ್ಟಕ್ಕೆ ಏರಿದ್ದನ್ನು ಕಂಡ ನಮಗೆ, ಮೈದಾನದಲ್ಲಿ ದುಡಿಯುವವರ ತಿಳಿವಳಿಕೆಯ ಬಗ್ಗೆ ಯಾವ ಸಂಶಯವೂ ಇಲ್ಲ.

ಉತ್ತರ: ಅಘನಾಶಿನಿ ದಡದವ

ಮೇಷ್ಟ್ರೇ, ಕ್ಲಬ್‌ಗಳ ವಿಷಯ. ಚೀಲದಲ್ಲಿ 14 ಕ್ಲಬ್‌ಗಳವರೆಗೆ ಒಯ್ಯಲು ನಿಯಮದಲ್ಲಿ ಅವಕಾಶವಿದೆ, ಆದರೆ ಮೊದಲ ವರ್ಷ ನಿಮಗೆ ಐದು ಸಾಕು: ದೂರದ ಹೊಡೆತಕ್ಕೆ ಒಂದು ಹೈಬ್ರಿಡ್, ಏಳನೇ ಮತ್ತು ಒಂಬತ್ತನೇ ಐರನ್, ಒಂದು ಸ್ಯಾಂಡ್ ವೆಡ್ಜ್, ಒಂದು ಪಟರ್. ಬಳಸಿದವುಗಳನ್ನೇ ಕೊಳ್ಳಿ. ಐರನ್‌ಗಳು ತಲೆಯ ಹಿಂಭಾಗ ಟೊಳ್ಳಾಗಿ, ಅಂಚಿನಲ್ಲಿ ಭಾರ ಹಂಚಿರುವ ಬಗೆಯವಾಗಿದ್ದರೆ ಚೆಂಡು ನಡುವಿಗೆ ತಾಗದಿದ್ದಾಗಲೂ ದಿಕ್ಕು ತೀರಾ ಕೆಡುವುದಿಲ್ಲ. ಡ್ರೈವರ್ ಸದ್ಯ ಬೇಡ. ಅದರ ಮುಖ ಹತ್ತು ಡಿಗ್ರಿಯ ಆಸುಪಾಸು ಮಾತ್ರ ಓರೆಯಾಗಿರುವುದರಿಂದ ಮುಖ ತುಸು ತೆರೆದು ಬಂದರೂ ಚೆಂಡು ಬಲಕ್ಕೆ ಬಹಳ ಬಾಗುತ್ತದೆ. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ನಿರ್ಧರಿಸುವುದು ತಾಗುವ ಕ್ಷಣದ ಕ್ಲಬ್ ಮುಖ. ಆ ಮುಖಕ್ಕೂ ಕ್ಲಬ್ ಬೀಸಿದ ದಾರಿಗೂ ಇರುವ ವ್ಯತ್ಯಾಸವೇ ಅದನ್ನು ಬಾಗಿಸುವುದು. ಇದು ಐರನ್‌ನಲ್ಲಿ ಕೈಗೆ ಹತ್ತಿದ ಮೇಲೆ ಡ್ರೈವರ್ ಹಿಡಿದರೆ ಸಾಕು.

ಕಾರವಾರದ ಉಪ್ಪುಗಾಳಿಗೆ ಕ್ರೋಮ್ ಲೇಪವಿಲ್ಲದ ವೆಡ್ಜ್‌ಗಳು ಬೇಗ ತುಕ್ಕು ಹಿಡಿಯುತ್ತವೆ. ಮರಳಿನ ಅಭ್ಯಾಸದ ನಂತರ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆಬಟ್ಟೆಯಿಂದ ಸವರಿಡಿ. ಮಗಳಿಗೆ ದೊಡ್ಡವರ ಕ್ಲಬ್ ಕತ್ತರಿಸಿ ಕೊಡಬೇಡಿ. ಉದ್ದ ಕಡಿಮೆಯಾದರೂ ತಲೆಯ ಭಾರ ಹಾಗೆಯೇ ಉಳಿದು, ಕೋಲು ಇನ್ನಷ್ಟು ಗಡುಸಾಗಿ, ಅವಳು ಮೈಯೆಲ್ಲ ಎಳೆದು ಬೀಸುವ ರೂಢಿ ಬೆಳೆಸಿಕೊಳ್ಳುತ್ತಾಳೆ. ಅವಳ ಎತ್ತರಕ್ಕೆ ತಕ್ಕ ಜೂನಿಯರ್ ಕ್ಲಬ್ ಎರಡು, ಒಂದು ಪಟರ್ ಕೊಡಿಸಿ.

ಮೈದಾನಕ್ಕೆ ದೂರ ಹೋಗಬೇಕಿಲ್ಲ. ಮಾಜಾಳಿ ದಾಟಿ ಗೋವಾ ಹೊಕ್ಕರೆ ಕಾಣಕೋಣದ ರಾಜಬಾಗ ತೀರದ ರೆಸಾರ್ಟಿನಲ್ಲಿ ಒಂಬತ್ತು ಕುಳಿಗಳ ಮೈದಾನವಿದೆ. ನಮ್ಮದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ಮಂಗಳೂರಿನ ಪಿಲಿಕುಳದಲ್ಲಿ ಗಾಲ್ಫ್ ಕ್ಲಬ್ ಇದೆ. ಎಲ್ಲಿಗೆ ಹೋಗುವುದಾದರೂ ಮುಂಚೆ ಫೋನ್ ಮಾಡಿ, ಹೊರಗಿನವರಿಗೆ ಪ್ರವೇಶ ಇದೆಯೇ, ಶುಲ್ಕ ಎಷ್ಟು, ಕ್ಲಬ್ ಬಾಡಿಗೆಗೆ ಸಿಗುತ್ತದೆಯೇ, ಉಡುಪಿನ ನಿಯಮವೇನು ಎಂದು ಕೇಳಿಕೊಳ್ಳಿ. ಕಾಲರ್ ಇರುವ ಅಂಗಿ ಹಾಕಿಕೊಂಡರೆ ಸಾಮಾನ್ಯವಾಗಿ ಎಲ್ಲಿಯೂ ಅಡ್ಡಿಯಿಲ್ಲ.

ಯಾವಾಗ ಎಂದರೆ, ಬೇಣದ ಮನೆಯವರು ಹೇಳಿದ ಗೋಣಿಚೀಲದ ಮೇಲೆ ಹತ್ತಕ್ಕೆ ಆರು ಚೆಂಡು ಇಳಿಯತೊಡಗಿ, ಮರಳಿನ ಗೀರು ಹೆಚ್ಚು ಸಲ ಗೆರೆಯ ಎಡಕ್ಕೇ ಮೂಡತೊಡಗಿದಾಗ. ಮೊದಲ ದಿನ ಅಂಕ ಬರೆಯಬೇಡಿ. ಜನ ಕಡಿಮೆಯಿರುವ ವಾರದ ದಿನ ಮಗಳೊಂದಿಗೆ ಹೋಗಿ, ಅನುಮತಿ ಕೇಳಿ ಪಟಿಂಗ್ ಗ್ರೀನ್‌ನಲ್ಲಿ ಅರ್ಧ ಗಂಟೆ ಕಳೆಯಿರಿ. ಅಲ್ಲಿ ಚೆಂಡು ನಿಮ್ಮ ಜಮಖಾನಕ್ಕಿಂತ ಎಷ್ಟು ಬೇರೆಯಾಗಿ ಓಡುತ್ತದೆಂದು ತಿಳಿದ ಮೇಲೆ ಮೊದಲ ಟೀಗೆ (ಆಟ ಶುರುವಾಗುವ ಜಾಗಕ್ಕೆ) ಹೋಗಿ. ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟಕ್ಕೆ ತಕ್ಕಂತೆ ಕೊಡುವ ಹೆಚ್ಚುವರಿ ಹೊಡೆತಗಳ ಲೆಕ್ಕ) ಬಗ್ಗೆ ಈಗ ಯೋಚಿಸಬೇಡಿ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ 54ರವರೆಗೆ ಅವಕಾಶವಿದೆ, ಅಂದರೆ ಪ್ರತಿ ಕುಳಿಗೆ ಹೆಚ್ಚುಕಡಿಮೆ ಮೂರು ಹೊಡೆತ ಹೆಚ್ಚು ತೆಗೆದುಕೊಳ್ಳುವವರಿಗೂ ಅಲ್ಲಿ ಜಾಗವಿದೆ. ಬೆಂಗಳೂರಿಗೆ ಮತ್ತೆ ಯಾವಾಗ ಬರುತ್ತೀರೆಂದು ಇಲ್ಲಿಯೇ ತಿಳಿಸಿ. ಬಳಸಿದ ಕ್ಲಬ್‌ಗಳನ್ನು ನೋಡಿ ಕೊಳ್ಳಲು ನಾನೂ ಜೊತೆಗೆ ಬರುತ್ತೇನೆ.